ಹೋಗುವ ಬಸ್ಸು, ಮರಳುವ ಬಸ್ಸು

ಮತ್ತಿಘಟ್ಟದಂಥ ಘಟ್ಟದಂಚಿನ ಊರಿನಿಂದ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಪೇಟೆ ನೋಡಲು ಹೊರಡುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಸಂಜೆ ಶಿರಸಿಯಿಂದ ನಮ್ಮ ಕಡೆಗೆ ಕೊನೆಯ ಬಸ್ಸು ಎಷ್ಟಕ್ಕೆ? ಬೆಳಗಿನ ಬಸ್ಸಿನಿಂದ ಆ ಬಸ್ಸಿನವರೆಗಿನ ಹೊತ್ತಿನಲ್ಲಿ ಹೋಗುವ ದಾರಿ, ಬರುವ ದಾರಿ, ಊಟ, ಮಗುವಿನ ಮಧ್ಯಾಹ್ನದ ನಿದ್ದೆ, ಒಂದು ವಾಂತಿ, ಒಂದು ಹಠ ಎಲ್ಲವನ್ನೂ ಕಳೆದ ಮೇಲೆ ಏನು ಮಿಕ್ಕಿತೋ ಅಷ್ಟೇ ಆ ಮಗು ನೋಡುವ ಪೇಟೆ. ಕೊನೆಯ ಬಸ್ಸು ತಪ್ಪಿದರೆ ಬಾಡಿಗೆ ಗಾಡಿಯೇ ಗತಿ. ಇಡೀ ದಿನ ಹಿಡಿತದಲ್ಲಿ ಮಾಡಿದ ಖರ್ಚನ್ನು ಆ ಒಂದು ಬಾಡಿಗೆ ಮೀರಿಸುತ್ತದೆ.

2025 ಮುಗಿಯುತ್ತಿರುವ ಹೊತ್ತಿನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಳ್ಳಿಮನೆಗಳ ಮಕ್ಕಳ ಪ್ರವಾಸವನ್ನು ಹಿಂತಿರುಗಿ ನೋಡಬೇಕೆನ್ನಿಸಿತು. ಕಾಲು ಶತಮಾನದಲ್ಲಿ ಬದಲಾದದ್ದು ಬಹಳ. ರೈಲು ಹತ್ತಿರ ಬಂತು, ರಸ್ತೆ ಅಗಲವಾಯಿತು, ತಾಯಂದಿರ ಟಿಕೆಟ್ಟಿಗೆ ದುಡ್ಡು ಕೊಡುವುದು ತಪ್ಪಿತು. ಮನೆಯಿಂದ ಹೊರಡುವುದು ಹಿಂದೆಂದೂ ಇಲ್ಲದಷ್ಟು ಅಗ್ಗವಾಗಿದೆ. ಅದೇ ದಿನ, ಅದೇ ಖರ್ಚಿನಲ್ಲಿ ಮನೆಗೆ ಮರಳುವುದು ಮಾತ್ರ ಇನ್ನೂ ಬಗೆಹರಿದಿಲ್ಲ. ಈ ಬರಹ ಮುಖ್ಯವಾಗಿ ಅದರ ಬಗ್ಗೆ.

ಹಿಂದಿನ ದಿನಗಳನ್ನು ಮೊದಲು ನೆನೆಯೋಣ. ಈ ಸೀಮೆಯಲ್ಲಿ ಮಕ್ಕಳ ಪ್ರವಾಸವೆಂದರೆ ಅಜ್ಜನ ಮನೆ. ಅಡಿಕೆ ತೋಟದ ಮನೆಗಳಿಗೆ ವರ್ಷದ ದಿನಚರಿಯನ್ನು ತೋಟವೇ ಬರೆದುಕೊಡುತ್ತದೆ. ದೀಪಾವಳಿ ಕಳೆದು ಕೊನೆಕೊಯ್ಲು ಶುರುವಾದರೆ ಸುಲಿಯುವುದು, ಬೇಯಿಸುವುದು, ಅಟ್ಟದ ಮೇಲೆ ಒಣಗಿಸುವುದು ಎಂದು ಶಿವರಾತ್ರಿಯವರೆಗೂ ಯಾರಿಗೂ ಬಿಡುವಿಲ್ಲ. ಮಳೆ ಹಿಡಿಯುವ ಮೊದಲು ದರಕು, ಸೊಪ್ಪು, ಕಟ್ಟಿಗೆ ಸಂಗ್ರಹ. ಮಳೆ ಹಿಡಿದ ಮೇಲೆ ಕೊಳೆಔಷಧಿ ಹೊಡೆಯುವ ಗಡಿಬಿಡಿ. ನಡುವೆ ಏಪ್ರಿಲ್, ಮೇ ತಿಂಗಳ ಒಂದಿಷ್ಟು ದಿನ ಮಾತ್ರ ಕೈ ಬಿಡುವು, ಅದೇ ಹೊತ್ತಿಗೆ ಶಾಲೆಗೆ ರಜೆ. ಆಗಲೂ ಮನೆಯವರೆಲ್ಲ ಒಟ್ಟಿಗೆ ಹೊರಟದ್ದು ಕಡಿಮೆ. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಆಕಳಿದ್ದರೆ ಒಬ್ಬರು ಉಳಿಯಲೇಬೇಕು. ಎಷ್ಟೋ ಮನೆಗಳ ಹಳೆಯ ಫೋಟೊಗಳಲ್ಲಿ ಮೈಸೂರಿನ ಅರಮನೆಯ ಮುಂದೆ ಅಪ್ಪ ಮತ್ತು ಮಕ್ಕಳಿದ್ದಾರೆ, ಆಯಿ ಇಲ್ಲ. ಇಲ್ಲವೇ ಆಯಿ ಇದ್ದಾಳೆ, ಅಜ್ಜ ಇಲ್ಲ.

ಇದು ತೋಟವಿದ್ದವರ ಕತೆ. ಅದೇ ತೋಟಗಳಲ್ಲಿ ಕೊನೆ ಇಳಿಸುವವರ, ಅಡಿಕೆ ಸುಲಿಯುವವರ, ಯಲ್ಲಾಪುರದ ಕಾಡಂಚಿನ ಸಿದ್ದಿ ಕೇರಿಗಳವರ ಮನೆಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಪೇಟೆಗೆ ಹೋಗಿಬರುವ ಖರ್ಚಿನ ಮೊದಲ ಸಾಲು ಆ ದಿನದ ಕೂಲಿ. ಗಂಡ ಹೆಂಡತಿ ಇಬ್ಬರ ಕೂಲಿ ಬಿಟ್ಟು ಹೊರಡುವುದೆಂದರೆ ಬಸ್ಸು ಹತ್ತುವ ಮೊದಲೇ ಖರ್ಚು ಬಿದ್ದಂತೆ. ಕಡಿಮೆ ಖರ್ಚಿನ ಪ್ರವಾಸದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಲೇಖನಗಳು ಹೋಟೆಲಿನ ದರದಿಂದ ಶುರುವಾಗುತ್ತವೆ. ಈ ಮೊದಲ ಸಾಲನ್ನು ಬರೆದ ಲೇಖನ ಕಾಣಸಿಗುವುದು ಅಪರೂಪ.

ಇವರೆಲ್ಲರ ಮಕ್ಕಳಿಗೂ ಸಮನಾಗಿ ದಕ್ಕಿದ ದೊಡ್ಡ ಪೇಟೆಯೊಂದಿತ್ತು, ಈಗಲೂ ಇದೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ. ದೇವಿ ಬಿಡಕಿಬೈಲಿನ ಗದ್ದುಗೆಯ ಮೇಲೆ ಕುಳಿತ ಆ ದಿನಗಳಲ್ಲಿ ಶಿರಸಿಯೇ ಮಕ್ಕಳ ಪಾಲಿಗೆ ಮಹಾನಗರ. ತೊಟ್ಟಿಲು, ಸರ್ಕಸ್ಸು, ನಾಟಕ ಕಂಪನಿಯ ಡೇರೆ, ಬಳೆ ಅಂಗಡಿಗಳ ಸಾಲು, ಬೊಂಬಾಯಿ ಮಿಠಾಯಿ. 2024ರ ಮಾರ್ಚ್ ಜಾತ್ರೆಯಲ್ಲೂ ಹೆಗಲ ಮೇಲೆ ಕುಳಿತ ಮಕ್ಕಳ ಕಣ್ಣು ಹೋಗುತ್ತಿದ್ದದ್ದು ಆ ತೊಟ್ಟಿಲಿನ ದೀಪಗಳ ಕಡೆಗೇ. ಖರ್ಚು ಕೈಯಲ್ಲಿದ್ದಷ್ಟು: ಐದು ಆಟ ಆಡಿಸಬಹುದು, ಒಂದೇ ಆಡಿಸಿ ಉಳಿದದ್ದನ್ನು ನೋಡಿ ತಣಿಯಬಹುದು. ಉಳಿಯಲು ಪೇಟೆಯ ನೆಂಟರ ಮನೆ. ಜಾತ್ರೆಯ ದಿನಗಳಲ್ಲಿ ಶಿರಸಿಯ ಮನೆಗಳ ಜಗಲಿಯಲ್ಲಿ ಹಾಸಿದ ಚಾಪೆಗಳನ್ನು ಕಂಡವರಿಗೆ ಗೊತ್ತು, ಈ ಸೀಮೆಯ ದೊಡ್ಡ ಲಾಡ್ಜು ಯಾವುದೆಂದು.

2020ರ ಜಾತ್ರೆ ಮುಗಿದದ್ದು ಮಾರ್ಚ್ ಮೊದಲ ಭಾಗದಲ್ಲಿ. ಎರಡು ವಾರ ಕಳೆಯುವುದರೊಳಗೆ ದೇಶವೇ ಬಾಗಿಲು ಹಾಕಿತು, ಬಸ್ಸುಗಳು ನಿಂತವು. ಆಗ ಮೂರು ನಾಲ್ಕು ವರ್ಷದವರಿದ್ದ ಮಕ್ಕಳು ಮುಂದೆ ಎರಡು ವರ್ಷ ಮನೆ ಮತ್ತು ಬೇಣ ಬಿಟ್ಟು ಬೇರೇನನ್ನೂ ಕಾಣಲಿಲ್ಲ. ನೆನಪುಗಳು ಮೊಳೆಯುವ ವಯಸ್ಸಿನ ಆ ಎರಡು ವರ್ಷ ಅವರಿಗೆ ತಿರುಗಿ ಸಿಗುವುದಿಲ್ಲ. ಆಮೇಲಿನ ವರ್ಷಗಳಲ್ಲಿ ತಂದೆತಾಯಿಯರು ಮಕ್ಕಳನ್ನು ಹೊರಗೆ ಕರೆದೊಯ್ಯಲು ತೋರಿದ ಹಂಬಲವನ್ನು ಮೋಜು ಎಂದು ಕರೆದವರಿದ್ದಾರೆ. ನಮಗೆ ಅದು ಕಳೆದುಹೋದುದನ್ನು ತುಂಬಿಕೊಡುವ ಕಕ್ಕುಲಾತಿಯಾಗಿ ಕಂಡಿದೆ.

ಇನ್ನು ರೈಲು. ಮೂರೂ ತಾಲೂಕು ಕೇಂದ್ರಗಳಿಗೆ ಇಂದಿಗೂ ರೈಲಿಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಮಾತು ದಶಕಗಳಿಂದ ಕೇಳುತ್ತಲೇ ಇದೆ. ಅದು ಹಾಯಬೇಕಾದ ಕಾಡು, ಕಣಿವೆಗಳ ಪ್ರಶ್ನೆ ಚಿಕ್ಕದಲ್ಲ, ಅದು ಬಗೆಹರಿಯುವವರೆಗೆ ಮಕ್ಕಳು ಚಿಕ್ಕವರಾಗಿ ಕಾಯುವುದೂ ಇಲ್ಲ. ಇದ್ದ ರೈಲುಗಳೇ ಹತ್ತಿರ ಬಂದ ಬಗೆ ಮುಖ್ಯ. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದಾಗ ಘಟ್ಟದ ಕೆಳಗಿನ ಕುಮಟಾ ನಮಗೊಂದು ರೈಲು ನಿಲ್ದಾಣವಾಯಿತು. ತಾಳಗುಪ್ಪದ ಕಡೆ ಮೀಟರ್‌ಗೇಜ್ ಹಳಿಯ ಮೇಲೆ ಶಿವಮೊಗ್ಗದಿಂದ ರೈಲ್‌ಬಸ್ ಓಡುತ್ತಿತ್ತು. ಬಸ್ಸಿನ ಮೋರೆ, ರೈಲಿನ ಗಾಲಿ. ಸಿದ್ದಾಪುರದ ಎಷ್ಟೋ ಮಕ್ಕಳು ರೈಲೆಂದು ಮೊದಲು ಕಂಡದ್ದು ಅದನ್ನೇ. 2011ರಲ್ಲಿ ಬ್ರಾಡ್‌ಗೇಜ್ ತಾಳಗುಪ್ಪ ಮುಟ್ಟಿದ ಮೇಲೆ ಬೆಂಗಳೂರು, ಮೈಸೂರಿನ ಗಾಡಿಗಳು ನೇರ ಸಿಗತೊಡಗಿದವು. ಸಿದ್ದಾಪುರದವರಿಗೆ ತಾಳಗುಪ್ಪ, ಯಲ್ಲಾಪುರದವರಿಗೆ ಹುಬ್ಬಳ್ಳಿ, ಮತ್ತಿಘಟ್ಟದ ಕಡೆಯವರಿಗೆ ಘಟ್ಟ ಇಳಿದರೆ ಕುಮಟಾ: ಹೀಗೆ ಮೂರು ದಿಕ್ಕಿಗೆ ಮೂರು ಬಾಗಿಲು.

ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಬರ್ತು ಕೇಳದಿದ್ದರೆ ಟಿಕೆಟ್ಟಿಲ್ಲ. ಐದರಿಂದ ಹನ್ನೆರಡರವರಿಗೆ ಹಿಂದೆ ಅರ್ಧ ದರದಲ್ಲೇ ಬರ್ತು ಸಿಗುತ್ತಿತ್ತು. 2016ರ ಏಪ್ರಿಲ್‌ನಿಂದ ಬರ್ತು ಬೇಕಾದರೆ ಪೂರ್ತಿ ದರ. ಇಬ್ಬರು ಮಕ್ಕಳ ಸಂಸಾರಕ್ಕೆ ರಾತ್ರಿ ಪ್ರಯಾಣದ ಲೆಕ್ಕ ಅಂದೇ ಬದಲಾಯಿತು. ಈಗ ಅನುಭವಸ್ಥರು ಮಾಡುವುದು ಹೀಗೆ: ಚಿಕ್ಕ ಮಗು ತಾಯಿಯ ಬರ್ತಿನಲ್ಲಿ, ದೊಡ್ಡದಕ್ಕೆ ಬರ್ತಿಲ್ಲದ ಅರ್ಧ ಟಿಕೆಟ್ಟು ತೆಗೆದು ತಂದೆಯ ಪಕ್ಕ. ಹಗಲಿನ ಗಾಡಿಯಾದರೆ ಆ ಇಕ್ಕಟ್ಟೂ ಇಲ್ಲ. ಮೇಲಾಗಿ ಹಗಲಿನ ರೈಲೇ ಮಕ್ಕಳಿಗೆ ಅರ್ಧ ಪ್ರವಾಸ. ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತ ಐದು ವರ್ಷದ ಮಗುವಿಗೆ ಸಾಗರ, ಆನಂದಪುರ, ಶಿವಮೊಗ್ಗ, ಭದ್ರಾವತಿ ಎಂದು ಊರುಗಳ ಹೆಸರನ್ನು ಓದಿ ಹೇಳುತ್ತಾ ಹೋದರೆ ಹೊತ್ತು ಸರಿದದ್ದೇ ತಿಳಿಯುವುದಿಲ್ಲ.

ಈ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು 2023ರ ಜೂನ್ 11. ಅಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್ಟು. ಇದನ್ನು ಒಂದು ಸಂಸಾರದ ಮೇಲೆ ಇಟ್ಟು ನೋಡಿ. ತಂದೆ, ತಾಯಿ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ಮೊದಲಾದರೆ ಎರಡೂವರೆ ಟಿಕೆಟ್ಟು. ಈಗ ತಾಯಿಗಿಲ್ಲ, ಮಗಳಿಗಿಲ್ಲ, ಆರು ತುಂಬದ ಮಗನಿಗೆ ಮೊದಲಿಂದಲೂ ಇಲ್ಲ, ತಂದೆಯದೊಂದೇ ಟಿಕೆಟ್ಟು. 2025ರ ಜನವರಿ 5ರಿಂದ ಬಸ್ ದರ ಶೇಕಡಾ 15ರಷ್ಟು ಏರಿದಾಗಲೂ ಇಂಥ ಸಂಸಾರಕ್ಕೆ ಅದರ ಬಿಸಿ ಒಂದೇ ಟಿಕೆಟ್ಟಿನಷ್ಟು ತಾಗಿತು. ತಂದೆ ಬಾರದೆ ತಾಯಿ ಮಕ್ಕಳೇ ಹೊರಟರೆ ಬಸ್ಸಿಗೆ ಖರ್ಚೇ ಇಲ್ಲ. ಹೊರಟಿದ್ದಾರೆ ಕೂಡ. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಇಂಥ ಟಿಕೆಟ್ಟುಗಳ ಸಂಖ್ಯೆ 500 ಕೋಟಿ ಮುಟ್ಟಿತು. ಮಕ್ಕಳನ್ನು ಕರೆದುಕೊಂಡು ಬನವಾಸಿಗೋ ಗೋಕರ್ಣಕ್ಕೋ ಹೊರಟ ಹಳ್ಳಿ ತಾಯಿಯ ಟಿಕೆಟ್ಟುಗಳೂ ಅದರೊಳಗಿವೆ. ಗಂಡನನ್ನು ದುಡ್ಡು ಕೇಳದೆ, ಯಾರ ಜೊತೆಗೂ ಕಾಯದೆ ತಾಯಿಯೊಬ್ಬಳು ಮಗುವಿಗೆ ಸಮುದ್ರ ತೋರಿಸಿ ತರುವುದನ್ನು ನಾವು ಈ ಕಾಲು ಶತಮಾನದ ಬಹುದೊಡ್ಡ ಸಂಗತಿಗಳ ಸಾಲಿನಲ್ಲಿ ಇಡುತ್ತೇವೆ. ಈ ಯೋಜನೆಯ ಹಣಕಾಸಿನ ಬಗ್ಗೆ ವಾದಿಸುವವರು ವಾದಿಸಲಿ, ಈ ತಾಯಿಯನ್ನು ಮರೆತು ವಾದಿಸಬಾರದು.

ಇದರ ಬೆನ್ನಿಗೆ ಬಂದ ಕಷ್ಟ ನೂಕುನುಗ್ಗಲು. ಹಬ್ಬದ ಹಿಂದುಮುಂದು, ಭಾನುವಾರ ಸಂಜೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಬೀಳುತ್ತದೆ. ಕಂಕುಳಲ್ಲಿ ಕೂಸು, ಕೈಯಲ್ಲಿ ಇನ್ನೊಂದು ಮಗು ಇರುವವರು ಆ ಓಟದಲ್ಲಿ ಗೆಲ್ಲುವುದಿಲ್ಲ. ಘಟ್ಟದ ತಿರುವುಗಳಲ್ಲಿ ನಿಂತು ಬರುವ ಮಗುವಿಗೆ ಬಸ್ಸು ಆಗದೆ ವಾಂತಿ ಶುರುವಾದರೆ ಆ ಪ್ರವಾಸದ ನೆನಪು ಅದೊಂದೇ. ದೇವಿಮನೆ ಘಟ್ಟ ಹತ್ತಿಳಿಯುವವರಿಗೆ ಇದರ ಉಪಾಯಗಳು ಬಾಯಿಪಾಠ: ಹೊರಡುವ ಮೊದಲು ಹೊಟ್ಟೆತುಂಬ ದೋಸೆ ಬೇಡ, ಹಾಲಂತೂ ಬೇಡ, ಗಾಲಿಯ ಮೇಲಿನ ಸೀಟು ಬಿಟ್ಟು ಮುಂದಿನದು, ಮೂಸಲು ನಿಂಬೆ ಎಲೆ, ತಿರುವು ಶುರುವಾಗುವ ಮೊದಲೇ ನಿದ್ದೆ. ತಾಯಿಗೂ ಕೂಸಿಗೂ ಮೊದಲ ಸಾಲಿನ ಎರಡು ಸೀಟು ಬಿಟ್ಟುಕೊಡುವುದನ್ನು ಕಂಡಕ್ಟರರು ಪಟ್ಟು ಹಿಡಿದು ಮಾಡಿಸಿದರೆ ಅರ್ಧ ಕಷ್ಟ ಕಳೆಯುತ್ತದೆ. ಹಾಗೆ ಮಾಡಿಸುವವರು ಇದ್ದಾರೆ, ಅಂಥವರ ಬಸ್ಸು ಯಾವುದೆಂದು ಊರಿನ ತಾಯಂದಿರಿಗೆ ಗೊತ್ತಿರುತ್ತದೆ.

ಹಾಗಾದರೆ ಎಲ್ಲಿಗೆ ಹೋಗುವುದು? ಬೆಂಗಳೂರು, ಮೈಸೂರು ಎಂದು ಮಕ್ಕಳು ಹೇಳುತ್ತಾರೆ. ನಮ್ಮ ಕಡೆಯ ಮಗುವಿಗೆ ಮೊದಲು ತೋರಿಸಬೇಕಾದ ನಗರ ಹುಬ್ಬಳ್ಳಿ–ಧಾರವಾಡ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಶಿರಸಿಯಿಂದ ಸುಮಾರು 100 ಕಿಲೋಮೀಟರ್, ಯಲ್ಲಾಪುರದಿಂದ ಇನ್ನೂ ಹತ್ತಿರ. ಹೊಸ ಅಂಗಿ ಕೊಳ್ಳಲು, ಆಸ್ಪತ್ರೆಗೆ ತೋರಿಸಲು, ದೂರದ ರೈಲು ಹಿಡಿಯಲು ಹುಬ್ಬಳ್ಳಿಗೆ ಹೋಗುತ್ತೇವೆ. ನೋಡಲು ಹೋಗುವ ರೂಢಿ ಬೆಳೆಯಲಿಲ್ಲ. ನೋಡುವಂಥದ್ದು ಬಹಳ ಇದೆ, ಅದರಲ್ಲಿ ಹೆಚ್ಚಿನದು ಪುಕ್ಕಟೆ ಇಲ್ಲವೇ ಪುಡಿಗಾಸಿನದು.

ರೈಲಿಲ್ಲದ ತಾಲೂಕಿನ ಮಗುವಿಗೆ ಹುಬ್ಬಳ್ಳಿಯ ರೈಲು ನಿಲ್ದಾಣವೇ ಒಂದು ಪ್ರೇಕ್ಷಣೀಯ ಸ್ಥಳ. ಅಲ್ಲಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಎಲ್ಲಕ್ಕಿಂತ ಉದ್ದದ್ದೆಂದು ದಾಖಲಾಯಿತು. ಒಂದು ಪ್ಲಾಟ್‌ಫಾರ್ಮ್ ಟಿಕೆಟ್ಟು ತೆಗೆದು ಒಂದು ಗಂಟೆ ಬೆಂಚಿನ ಮೇಲೆ ಕುಳಿತರೆ ಎಂಜಿನ್ ಜೋಡಿಸುವುದು, ಬಿಚ್ಚುವುದು, ಸರಕಿನ ಗಾಡಿಯ ಡಬ್ಬಿ ಎಣಿಸುವುದು, ಕೆಂಪು ದೀಪ ಹಸಿರಾಗುವುದು ಎಲ್ಲವೂ ಕಣ್ಣೆದುರಿಗೇ ನಡೆಯುತ್ತದೆ. ಅದೇ ಊರಿನಲ್ಲಿ 2020ರಿಂದ ರೈಲ್ವೆ ವಸ್ತುಸಂಗ್ರಹಾಲಯವೂ ಇದೆ. ಇಂದಿರಾ ಗಾಜಿನ ಮನೆಯ ತೋಟದಲ್ಲಿ ಮಕ್ಕಳು ಓಡಾಡಿ ದಣಿಯಬಹುದು. ದಣಿವಾರಿಸಿಕೊಳ್ಳಲು ಉಣಕಲ್ ಕೆರೆಯ ದಂಡೆ, ಊಟದ ಹೊತ್ತಿಗೆ ಸಿದ್ಧಾರೂಢ ಮಠದ ದಾಸೋಹ. ಇನ್ನೊಂದು ದಿನಕ್ಕೆ ಧಾರವಾಡ. ಎರಡೂ ಊರುಗಳ ನಡುವೆ ಓಡುವ, 2020ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಚಿಗರಿ ಬಸ್ಸು ಹತ್ತಲು ಮೆಟ್ಟಿಲಿಲ್ಲ, ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ. ಪುಟ್ಟ ಕಾಲಿನವರಿಗೂ ಮಂಡಿನೋವಿನ ಅಜ್ಜಿಗೂ ಒಟ್ಟಿಗೆ ಒದಗುವ ಅನುಕೂಲ ಇದು. ಎರಡೂ ಬದಿಯ ಗಾಡಿಗಳನ್ನು ಹಿಂದೆ ಹಾಕಿ ತನ್ನದೇ ದಾರಿಯಲ್ಲಿ ಅದು ಓಡುವುದನ್ನು ಮಕ್ಕಳು ಆಟವೆಂದೇ ತಿಳಿಯುತ್ತಾರೆ. ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರದಲ್ಲಿ ಮುಟ್ಟಿ, ಎಳೆದು, ತಿರುಗಿಸಿ ನೋಡುವ ಮಾದರಿಗಳಿವೆ. ಬೇಂದ್ರೆಯವರು ಬಾಳಿದ ಸಾಧನಕೇರಿಯ ಕೆರೆಯ ಸುತ್ತ ಒಂದು ಸುತ್ತು ಹಾಕಿ, ಕಾಲು ಕಿಲೋ ಪೇಢೆ ಕಟ್ಟಿಸಿಕೊಂಡರೆ ಮಗುವಿಗೆ ಒಂದು ದಿನಕ್ಕೆ ಸಾಕಾದಷ್ಟಾಯಿತು.

ಸಾಕಾದಷ್ಟು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. ಹಣ ಕೊಟ್ಟು ಬಂದಿದ್ದೇವೆ, ಎಲ್ಲವನ್ನೂ ನೋಡಿಯೇ ಹೋಗಬೇಕು ಎನ್ನುವುದು ದೊಡ್ಡವರ ಹಟ. ಒಂದೇ ದಿನದಲ್ಲಿ ಚಾಮುಂಡಿ ಬೆಟ್ಟ, ಅರಮನೆ, ಪ್ರಾಣಿಸಂಗ್ರಹಾಲಯ, ಬೃಂದಾವನ ಎಂದು ಓಡಿಸಿದ ಮಗು ರಾತ್ರಿ ಯಾವುದನ್ನೂ ನೆನಪಿಟ್ಟುಕೊಳ್ಳದೆ ಮಲಗುತ್ತದೆ. 1892ರಷ್ಟು ಹಳೆಯದಾದ ಮೈಸೂರಿನ ಮೃಗಾಲಯವೊಂದನ್ನೇ ನಿಧಾನವಾಗಿ ನೋಡಲು ಮಕ್ಕಳಿಗೆ ಅರ್ಧ ದಿನಕ್ಕಿಂತ ಹೆಚ್ಚು ಬೇಕು. ಅದಕ್ಕೆ ಮಂಗಳವಾರ ರಜೆ ಎಂಬುದು ಗೊತ್ತಿಲ್ಲದೆ ಬಾಗಿಲವರೆಗೆ ಹೋಗಿ ಅಳುವ ಮಕ್ಕಳನ್ನು ಸಮಾಧಾನ ಮಾಡುವವರನ್ನು ಅಲ್ಲಿ ವಾರ ವಾರವೂ ಕಾಣಬಹುದು. ಭಾನುವಾರ ಮತ್ತು ಸರಕಾರಿ ರಜೆಯ ಸಂಜೆ ಅರಮನೆಯ ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುವುದನ್ನು ಬೀದಿಯಲ್ಲಿ ನಿಂತೇ ನೋಡಬಹುದು. ನಾಲ್ಕು ವರ್ಷದ ಕಣ್ಣಿಗೆ ಒಳಗಿನ ದರ್ಬಾರ್ ಹಾಲಿಗಿಂತ ಹೊರಗಿನ ಆ ಒಂದು ಕ್ಷಣವೇ ದೊಡ್ಡದು.

ಬೆಂಗಳೂರಿನ ವಿಷಯದಲ್ಲೂ ನಮ್ಮ ಮಾತು ಇದೇ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಒಂದು ಇಡೀ ಹಗಲು ಕೊಡಿ. 1962ರಲ್ಲಿ ತೆರೆದ ಆ ಕಟ್ಟಡದಲ್ಲಿ ರೈಟ್ ಸಹೋದರರ ವಿಮಾನದ ನಿಜಗಾತ್ರದ ಪ್ರತಿಕೃತಿಯಿದೆ, ಗುಂಡಿ ಒತ್ತಿದರೆ ತಿರುಗುವ, ಹೊಳೆಯುವ, ಸದ್ದು ಮಾಡುವ ನೂರೆಂಟು ಸಂಗತಿಗಳಿವೆ. ಅಲ್ಲಿಂದ ನಡೆದರೆ ಕಬ್ಬನ್ ಪಾರ್ಕು, ಬಾಲಭವನ, ಪುಟಾಣಿ ರೈಲು. ಉದ್ಯಾನಕ್ಕೆ ಟಿಕೆಟ್ಟಿಲ್ಲ. ಮನೆಯಿಂದ ಕಟ್ಟಿ ತಂದ ಬುತ್ತಿ ಬಿಚ್ಚಲು ಮರದ ನೆರಳಿದೆ. ಇನ್ನೊಂದು ದಿನ ಲಾಲ್‌ಬಾಗಿನ ಬಂಡೆ ಹತ್ತಿಸಿ, ಇದು 300 ಕೋಟಿ ವರ್ಷ ಹಳೆಯ ಕಲ್ಲು, ಮೇಲೆ ನಿಂತಿರುವುದು ಕೆಂಪೇಗೌಡನ ಗೋಪುರ ಎಂದು ಹೇಳಿ. ನೆಹರು ತಾರಾಲಯದಲ್ಲಿ ಕನ್ನಡದ ಪ್ರದರ್ಶನ ಯಾವ ಹೊತ್ತಿಗೆಂದು ಮೊದಲೇ ಕೇಳಿಕೊಳ್ಳಿ. ಹಳ್ಳಿಯ ಮಗು ತಲೆ ಮೇಲೆತ್ತಿ ತನಗೆ ಗೊತ್ತಿದ್ದ ನಕ್ಷತ್ರಗಳನ್ನೇ ತನ್ನ ಮಾತಿನಲ್ಲಿ ಕೇಳುವುದು ಬೇರೆಯೇ ಅನುಭವ. ಮೆಟ್ರೊ ಹತ್ತಿಸದೆ ಬೆಂಗಳೂರಿನಿಂದ ಮಕ್ಕಳು ಹೊರಡುವುದಿಲ್ಲ. ಅಲ್ಲಿ ಬಸ್ಸಿನಂತೆ ಅರ್ಧ ಟಿಕೆಟ್ಟಿಲ್ಲ, ಮೂರಡಿ ಮೀರಿದ ಮಗುವಿಗೂ ಪೂರ್ತಿ ದರ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ ಮೇಲೆ ನಾಲ್ಕು ಜನರ ಸಂಸಾರಕ್ಕೆ ಅದು ದುಬಾರಿಯೇ. ನಾಲ್ಕೈದು ನಿಲ್ದಾಣದಷ್ಟು ದೂರ ಆಟಕ್ಕೆಂದು ಹೋಗಿ, ಉಳಿದದ್ದಕ್ಕೆ ಬಿಎಂಟಿಸಿ ಹಿಡಿಯುವುದು ಜಾಣತನ.

ಉಳಿಯುವುದೆಲ್ಲಿ ಎಂಬುದಕ್ಕೆ ನಮ್ಮ ಸೀಮೆಯ ಉತ್ತರ ಬಹುಕಾಲ ಒಂದೇ ಆಗಿತ್ತು. ಮಲ್ಲೇಶ್ವರದಲ್ಲೋ ಬನಶಂಕರಿಯಲ್ಲೋ ದೊಡ್ಡಪ್ಪನ ಮಗನ ಮನೆ. ಒಂದು ಡಬ್ಬಿ ತೊಡೆದೇವು, ಹಲಸಿನ ಹಪ್ಪಳದ ಕಟ್ಟು, ಅಪ್ಪೆಮಿಡಿ ಉಪ್ಪಿನಕಾಯಿ ಒಯ್ದರೆ ನಾಲ್ಕು ದಿನದ ವಾಸ. ಆ ಮನೆಗಳು ಈಗ ಎರಡು ಕೋಣೆಯ ಫ್ಲ್ಯಾಟುಗಳಾಗಿವೆ, ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುತ್ತಾರೆ. ಪ್ರೀತಿ ಕಡಿಮೆಯಾಗಿದೆ ಎಂದು ನಾವು ಹೇಳುವುದಿಲ್ಲ, ಜಾಗ ಮತ್ತು ಪುರಸೊತ್ತು ಕಡಿಮೆಯಾಗಿವೆ. ಇದನ್ನರಿತ ಸಂಸಾರಗಳು ಒಂದು ಹೊತ್ತಿನ ಊಟಕ್ಕೆ ನೆಂಟರ ಮನೆಗೆ ಹೋಗಿ, ಮಲಗಲು ಬೇರೆ ವ್ಯವಸ್ಥೆ ನೋಡಿಕೊಳ್ಳುತ್ತಿವೆ. ಬೆಂಗಳೂರು ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಧರ್ಮಛತ್ರ ನೂರು ವರ್ಷಕ್ಕೂ ಹಿಂದೆ ಹುಟ್ಟಿದ್ದೇ ಹೀಗೆ ಬಂದಿಳಿಯುವವರಿಗಾಗಿ. ಧರ್ಮಸ್ಥಳದ ವಸತಿಗೃಹಗಳು, ಮಠಗಳ ಯಾತ್ರಿನಿವಾಸಗಳು ಇಂದಿಗೂ ಸಾಮಾನ್ಯರ ಕೈಗೆಟಕುತ್ತವೆ. ಚಿಕ್ಕ ಮಕ್ಕಳಿದ್ದವರು ಕೇಳಬೇಕಾದದ್ದು ಮೂರೇ: ಬಿಸಿನೀರು ಎಷ್ಟು ಹೊತ್ತಿಗೆ, ಹಾಲು ಕಾಯಿಸಲು ಆಗುತ್ತದೆಯೇ, ಕೋಣೆ ಎಷ್ಟನೆಯ ಮಹಡಿ.

ದೂರದ ನಗರಗಳ ಮಾತಿನಲ್ಲಿ ಪಕ್ಕದ ನಗರ ಮರೆತುಹೋಗುತ್ತದೆ. ಶಿರಸಿಯಿಂದ ಒಂದು ತಾಸಿನೊಳಗಿನ ಬನವಾಸಿ ಕದಂಬರ ರಾಜಧಾನಿ. ಮಧುಕೇಶ್ವರ ದೇವಾಲಯದ ಬಾಗಿಲಲ್ಲಿ ನಿಂತ ಕಲ್ಲಾನೆ, ಒಳಗಿನ ಕುಸುರಿಯ ಕಲ್ಲುಮಂಚ, ಒಂದು ಕಣ್ಣಿನಲ್ಲಿ ಶಿವನನ್ನೂ ಇನ್ನೊಂದರಲ್ಲಿ ಪಾರ್ವತಿಯನ್ನೂ ನೋಡುತ್ತಿದೆ ಎಂದು ತೋರಿಸುವ ನಂದಿ: ಮಕ್ಕಳಿಗೆಂದೇ ಮಾಡಿಟ್ಟಂತಿವೆ. ಹಿಂದೆಯೇ ವರದಾ ನದಿ. ಸೋಂದಾ ರಸ್ತೆಯ ಸಹಸ್ರಲಿಂಗದಲ್ಲಿ ಬೇಸಿಗೆಗೆ ಶಾಲ್ಮಲೆಯ ನೀರಿಳಿದು ಬಂಡೆಗಳ ಮೇಲಿನ ಲಿಂಗಗಳು ಕಾಣುವಾಗ ಎಣಿಸುವ ಆಟ ಆಡಿಸಬಹುದು. ಕಾರವಾರದ ಕಡಲ ದಂಡೆಯಲ್ಲಿ ಐಎನ್‌ಎಸ್ ಚಾಪಲ್ ಎಂಬ ಯುದ್ಧನೌಕೆಯೊಳಗೆ ಇಳಿದು ನೋಡಬಹುದು. ಮುರುಡೇಶ್ವರದ ಗೋಪುರದಲ್ಲಿ ಲಿಫ್ಟಿನಲ್ಲಿ ಮೇಲೇರಿ ಕಡಲನ್ನು ನೋಡುವುದು ಬಹಳ ಮಕ್ಕಳಿಗೆ ಮೊದಲ ಲಿಫ್ಟು.

ಜಲಪಾತಗಳ ವಿಷಯದಲ್ಲಿ ನಮಗೆ ಬೇರೆ ಅಭಿಪ್ರಾಯವಿದೆ. ಯಾಣ 1990ರ ದಶಕದಲ್ಲಿ ‘ನಮ್ಮೂರ ಮಂದಾರ ಹೂವೆ’ ಚಿತ್ರದಿಂದ ನಾಡಿಗೆಲ್ಲ ಗೊತ್ತಾದ ಮೇಲೆ ಉಂಚಳ್ಳಿ, ಮಾಗೋಡು, ಸಾತೊಡ್ಡಿ ಎಂದು ಒಂದೊಂದಾಗಿ ಹೊರಗಿನವರ ಪಟ್ಟಿಗೆ ಸೇರಿದವು. ವಾರದ ಕೊನೆಗೆ ನಗರದ ಸಂಸಾರಗಳು ಮಕ್ಕಳೊಂದಿಗೆ ಇಲ್ಲಿಗೆ ಬರುತ್ತವೆ, ಬರಲಿ. ಆದರೆ ಐದು ವರ್ಷದೊಳಗಿನ ಮಕ್ಕಳಿಗೆ ಮಳೆಗಾಲದ ಜಲಪಾತ ಹೇಳಿ ಮಾಡಿಸಿದ ಜಾಗವಲ್ಲ. ಜಾರುವ ಮೆಟ್ಟಿಲು, ಉಂಬಳ, ಒಮ್ಮೆಲೇ ಏರುವ ನೀರು. ಕಡಲೂ ಅಷ್ಟೇ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ತೀರಿಕೊಂಡರು. ಆ ಸಂಕಟ ಈ ಜಿಲ್ಲೆಯ ಎಲ್ಲ ತಂದೆತಾಯಿಯರದು. ಮೊಣಕಾಲಿನಷ್ಟು ನೀರು ಎಂಬುದು ದೊಡ್ಡವರ ಅಳತೆ, ಮಗುವಿಗೆ ಅದು ಎದೆಮಟ್ಟ.

ಈಗ ಮರಳುವ ಬಸ್ಸಿಗೆ ಬರೋಣ. ಹುಬ್ಬಳ್ಳಿಯಲ್ಲೋ ಗೋಕರ್ಣದಲ್ಲೋ ಸಂಜೆಯ ತಂಪಿಗೆ ಮಕ್ಕಳು ಆಟಕ್ಕಿಳಿಯುವ ಹೊತ್ತಿಗೇ ನಮ್ಮ ಕಡೆಯವರು ಗಡಿಯಾರ ನೋಡಿ ಹೊರಡುತ್ತಾರೆ. ‘ನಡಿ ತಮಾ, ಬಸ್ಸು ತಪ್ಪಿ ಹೋಗ್ತು’ ಎನ್ನುವುದು ಪ್ರತಿ ಪ್ರವಾಸದ ಕೊನೆಯ ಮಾತು. ದೊಡ್ಡ ರಸ್ತೆಯ ಬಸ್ಸುಗಳಿಗೆ ಕೊರತೆಯಿಲ್ಲ. ಹುಬ್ಬಳ್ಳಿಯಿಂದ ಶಿರಸಿಗೆ ರಾತ್ರಿಯೂ ಬರಬಹುದು. ಶಿರಸಿಯಿಂದ ಮುಂದೆ ಹಳ್ಳಿಗೆ ಹೋಗುವ ಕೊನೆಯ ಬಸ್ಸು, ಅಂದರೆ ರಾತ್ರಿ ಊರಲ್ಲೇ ಉಳಿದು ಬೆಳಿಗ್ಗೆ ತಿರುಗಿ ಹೊರಡುವ ವಸತಿ ಬಸ್ಸು, ಅದಕ್ಕೆ ಮೊದಲೇ ಹೊರಟಿರುತ್ತದೆ. ಆ ಕೊನೆಯ ಇಪ್ಪತ್ತು ಮೂವತ್ತು ಕಿಲೋಮೀಟರಿನಲ್ಲಿ ಶಕ್ತಿಯ ಉಳಿತಾಯವೆಲ್ಲ ಬಾಡಿಗೆ ಗಾಡಿಯ ಪಾಲಾಗುತ್ತದೆ. ಮನೆಯಲ್ಲಿ ಬೈಕೋ ಕಾರೋ ಇದ್ದವರು ಶಿರಸಿಯಲ್ಲಿ ನಿಲ್ಲಿಸಿ ಹೋಗುತ್ತಾರೆ. ಇಲ್ಲದವರು, ಅಂದರೆ ಯಾರಿಗೆ ಈ ಉಳಿತಾಯ ನಿಜವಾಗಿ ಬೇಕೋ ಅವರು, ಪೇಟೆಯನ್ನೇ ಮೊಟಕುಗೊಳಿಸುತ್ತಾರೆ. ಹೆದ್ದಾರಿ ಅಗಲಿಸುವ ಕೆಲಸಕ್ಕಾಗಿ ದೇವಿಮನೆ ಘಟ್ಟ ಮುಚ್ಚಿದ ತಿಂಗಳುಗಳಲ್ಲಂತೂ ಕುಮಟಾದ ರೈಲೂ ಕಡಲೂ ಸುತ್ತುಬಳಸಿನ ದಾರಿಯಾದವು.

ಬಸ್ ನಿಲ್ದಾಣದ ಶೌಚಾಲಯ, ಹಾಲುಣಿಸುವ ಕೋಣೆ, ಕುಡಿಯುವ ನೀರು ಇವುಗಳ ಬಗ್ಗೆ ಹೇಳುವುದು ಇನ್ನೂ ಇದೆ. ದೊಡ್ಡ ನಿಲ್ದಾಣಗಳಲ್ಲಿ ತಾಯಂದಿರ ಕೋಣೆಗಳು ಬಂದಿವೆ, ಬೀಗ ತೆಗೆದಿರಬೇಕು ಅಷ್ಟೇ. ಇದಕ್ಕೆ ದೊಡ್ಡ ಹಣ ಬೇಡ, ಬೀಗದ ಕೈ ಯಾರ ಹತ್ತಿರವಿದೆ ಎಂದು ಬಾಗಿಲ ಮೇಲೆ ಬರೆದರೂ ಉಪಕಾರ.

ವಸತಿ ಬಸ್ಸಿನ ವಿಷಯಕ್ಕೆ ದಾರಿಯಿದೆಯೇ ಎಂದು ಕೇಳಿದರೆ, ಇದೆ. ಅದನ್ನು ಸಾರಿಗೆ ಸಂಸ್ಥೆಯೇ ಜಾತ್ರೆಯ ಕಾಲದಲ್ಲಿ ಮಾಡಿ ತೋರಿಸಿದೆ. ಮಾರಿಕಾಂಬೆ ಗದ್ದುಗೆಯಲ್ಲಿರುವಷ್ಟು ದಿನ ತಡರಾತ್ರಿಯಲ್ಲೂ ಶಿರಸಿಯಿಂದ ಹಳ್ಳಿಗಳ ಕಡೆಗೆ ವಿಶೇಷ ಬಸ್ಸುಗಳು ಹೊರಡುತ್ತವೆ. ಮಕ್ಕಳು ತೊಟ್ಟಿಲಾಡಿ, ನಿದ್ದೆಗಣ್ಣಿನಲ್ಲಿ ಹೆಗಲಿಗೊರಗಿ ಮನೆ ಸೇರುತ್ತಾರೆ. ರಸ್ತೆ ಅದೇ, ಬಸ್ಸು ಅದೇ, ಚಾಲಕರು ಅವರೇ. 2026ರಲ್ಲಿ ಜಾತ್ರೆ ಮತ್ತೆ ಬರುತ್ತಿದೆ. ಅದು ಮುಗಿದ ಬೆನ್ನಿಗೆ ಬೇಸಿಗೆ ರಜೆ. ಉತ್ತರ ಕನ್ನಡ ವಿಭಾಗದ ಕಚೇರಿ ಶಿರಸಿಯಲ್ಲೇ ಇದೆ. ಏಪ್ರಿಲ್, ಮೇ ತಿಂಗಳ ಭಾನುವಾರಗಳಂದು ಮತ್ತು ದಸರಾ ರಜೆಯಲ್ಲಿ, ಹುಬ್ಬಳ್ಳಿ ಹಾಗೂ ಕುಮಟಾದ ಸಂಜೆಯ ಬಸ್ಸುಗಳು ಶಿರಸಿ ಮುಟ್ಟಿದ ಮೇಲೆ ಹೊರಡುವಂತೆ ಹಳ್ಳಿ ಮಾರ್ಗಗಳ ವಸತಿ ಬಸ್ಸನ್ನು ಒಂದೂವರೆ ತಾಸು ಮುಂದಕ್ಕೆ ಹಾಕಿ ನೋಡಲಿ. ಹೊಸ ಬಸ್ಸು ಬೇಡ, ಹೊಸ ಮಾರ್ಗ ಬೇಡ. ಸಿದ್ದಾಪುರಕ್ಕೆ ತಾಳಗುಪ್ಪದ ರೈಲಿನ ಹೊತ್ತು, ಯಲ್ಲಾಪುರಕ್ಕೆ ಹುಬ್ಬಳ್ಳಿ ಬಸ್ಸಿನ ಹೊತ್ತು ನೋಡಿ ಅದೇ ರೀತಿ ಜೋಡಿಸಬಹುದು. ಚಾಲಕರಿಗೂ ಕಂಡಕ್ಟರರಿಗೂ ರಾತ್ರಿ ತಡವಾಗಿ ತಲುಪಿದಾಗ ಮಲಗಲು ಊರಿನವರು ಒಳ್ಳೆಯ ಕೋಣೆ, ಬಿಸಿ ಊಟ ಒದಗಿಸುವ ಹೊಣೆ ಹೊರಲಿ; ಇದನ್ನು ಕೇಳುವ ಹಕ್ಕು ಅವರಿಗಿದೆ. ಗ್ರಾಮ ಪಂಚಾಯಿತಿಗಳು ಮಾರ್ಚ್ ತಿಂಗಳೊಳಗೆ ಅರ್ಜಿ ಕೊಟ್ಟರೆ ರಜೆಯ ಮೊದಲ ಭಾನುವಾರದಿಂದಲೇ ಶುರುವಾಗಬಹುದು. ಅರ್ಜಿಯಲ್ಲಿ ಆ ಮಾರ್ಗದ ಊರುಗಳಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳು ಎಷ್ಟಿದ್ದಾರೆ ಎಂಬುದನ್ನು ಅಂಗನವಾಡಿ ಮತ್ತು ಶಾಲೆಯ ದಾಖಲೆಯಿಂದ ತೆಗೆದು ಮೊದಲ ಸಾಲಿನಲ್ಲೇ ಬರೆಯಬೇಕು.